ಒಂದು ಪೂರ್ತಿ ವರ್ಷದ ಗಾಳಿ

ಗಾಳಿ ಅಳೆಯುವ ಕೆಲಸ ಸಿಕ್ಕಿತು ಎಂದು ಬೆಟಗೇರಿಯ ಮನೆಯಲ್ಲಿ ಹೇಳಿದ ದಿನ, ಮಗ್ಗದ ಮುಂದೆ ಕುಳಿತಿದ್ದ ನಮ್ಮ ಸೋದರಮಾವ ಲಾಳಿ ಎಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅಳದು ಏನ್ ಮಾಡ್ತೀಯಲೇ? ಚೀಲದಾಗ ತುಂಬತೀಯೇನು?" ಎಂದರು. ಮನೆಮಂದಿಯೆಲ್ಲ ನಕ್ಕರು. ಉತ್ತರ ಗೊತ್ತಿಲ್ಲದೆ ನಾನೂ ನಕ್ಕೆ. ಈಗ ನಿವೃತ್ತನಾಗಿ ಮನೆಯಲ್ಲಿ ಕುಳಿತಿದ್ದೇನೆ, ಉತ್ತರ ಗೊತ್ತಿದೆ, ಕೇಳಲು ಮಾವ ಇಲ್ಲ. ಅದಕ್ಕೇ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ನಿಮಗೆ ಹೇಳುತ್ತಿದ್ದೇನೆ.

ಗದಗದಿಂದ ಮುಂಡರಗಿಗೆ ಹೋಗುವಾಗ ಗುಡ್ಡದ ನೆತ್ತಿಯ ಮೇಲೆ ತಿರುಗುವ ದೊಡ್ಡ ದೊಡ್ಡ ಫ್ಯಾನುಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಒಂದು ನಿಲ್ಲಬೇಕಾದರೂ ಮೊದಲು ಆ ಜಾಗದಲ್ಲಿ ಯಾರಾದರೂ ಉದ್ದನೆಯ ಕಂಬ ನಿಲ್ಲಿಸಿ, ತುದಿಗೆ ಗಿರ್ರನೆ ತಿರುಗುವ ಬಟ್ಟಲುಗಳನ್ನೂ ದಿಕ್ಕು ತೋರಿಸುವ ಬಾಣವನ್ನೂ ಕೂಡಿಸಿ, ಒಂದು ಪೂರ್ತಿ ವರ್ಷ ಗಾಳಿಯನ್ನು ಅಳೆದಿರಬೇಕು. ಆ ಕಂಬದ ಕೆಲಸ ನನ್ನದು. ಈಗ ನಿಮಗೆ ಒಂದು ಪೆಟ್ಟಿಗೆ ಕೊಟ್ಟಿದ್ದಾರೆ. ಅದನ್ನು ನೆಲದ ಮೇಲಿಟ್ಟರೆ ಮೇಲಕ್ಕೆ ಬೆಳಕಿನ ಕಿರಣ ಬಿಟ್ಟು ಗಾಳಿಯ ವೇಗವನ್ನು ತಾನೇ ಹೇಳುತ್ತದೆ. ಒಳ್ಳೆಯದು, ನಿಮ್ಮ ಸೊಂಟ ಉಳಿಯಿತು. ಆದರೆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಮೊಬೈಲು ನೋಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಲೆ ಎತ್ತಿ ಒಮ್ಮೆ ಗಾಳಿಯ ಕಡೆಗೂ ನೋಡ್ರಪಾ.

ಗಾಳಿಯನ್ನು ನೋಡಲು ನನಗೆ ಕಲಿಸಿದವರು ತಾಂಡೇಲ ಸಾಹೇಬರು. ಕಾರವಾರ ಕಡೆಯವರು. ಬಹಳ ವರ್ಷ ಸರಕು ಹಡಗುಗಳಲ್ಲಿ ದಾರಿ ಲೆಕ್ಕ ಹಾಕುವ ಅಧಿಕಾರಿಯಾಗಿದ್ದು, ಆಮೇಲೆ ನಮ್ಮ ಕಂಪನಿಗೆ ಗಾಳಿ ನೋಡಲು ಬಂದರು. ಸಮುದ್ರದ ಮನುಷ್ಯನಿಗೆ ಗದಗದಲ್ಲಿ ಏನು ಕೆಲಸ ಎಂದು ಎಲ್ಲರಿಗೂ ಆಶ್ಚರ್ಯ. ಊರವರು ಅವರನ್ನು ಕ್ಯಾಪ್ಟನ್ ಎಂದೇ ಕರೆದರು. "ನಾನು ಕ್ಯಾಪ್ಟನ್ ಅಲ್ಲ ಮಾರಾಯಾ, ಕ್ಯಾಪ್ಟನ್ನನಿಗೆ ದಾರಿ ಹೇಳುವವ" ಎಂದು ಅವರು ತಿದ್ದಿದ್ದೇ ತಿದ್ದಿದ್ದು. ಚಹಾ ಅಂಗಡಿಯವನಿಗೆ ಆ ವ್ಯತ್ಯಾಸ ಕೊನೆಯವರೆಗೂ ತಿಳಿಯಲಿಲ್ಲ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ. ಸಂದರ್ಶನಕ್ಕೆ ಹೋದಾಗ ಮೇಜಿನ ಮೇಲೆ ಎರಡು ಹಗ್ಗ ಇಟ್ಟರು, ಒಂದು ದಪ್ಪ, ಒಂದು ತೆಳ್ಳಗೆ. "ಸೇರಿಸಿ ಕಟ್ಟು, ಜಾರಬಾರದು" ಎಂದರು. ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಕಡಿದ ನೂಲು ಸೇರಿಸುವುದು ಯಾರೂ ಕಲಿಸಬೇಕಾದ ವಿದ್ಯೆ ಅಲ್ಲ. ನೂಲಿಗೆ ಹಾಕುವ ಗಂಟನ್ನೇ ಹಗ್ಗಕ್ಕೂ ಹಾಕಿ ಕೊಟ್ಟೆ. ಸಾಹೇಬರು ಅದನ್ನು ತಿರುವಿ ತಿರುವಿ ನೋಡಿದರು. "ಇದನ್ನು ಯಾವ ಹಡಗಿನಲ್ಲಿ ಕಲಿತೆ?" ಎಂದರು.

"ಹಡಗ ನಾ ಎಂದೂ ನೋಡಿಲ್ರಿ. ನಮ್ಮವ್ವ ಮಗ್ಗದಾಗ ಹಾಕ್ತಾಳ್ರಿ ಈ ಗಂಟು."

ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಹಾಯಿ ಕಟ್ಟುವ ಹಗ್ಗಕ್ಕೆ ನಾವಿಕರು ಹಾಕುವ ಗಂಟೂ ನಮ್ಮ ಅವ್ವನ ಗಂಟೂ ಒಂದೇ ಎಂದು ಅಂದು ನನಗೆ ಗೊತ್ತಾಯಿತು. ಆ ಸಂಜೆಯೇ ಅವರು ನಮ್ಮ ಮನೆಗೆ ಬಂದು ಅವ್ವನ ಕೈಲಿ ಇನ್ನೊಮ್ಮೆ ಗಂಟು ಹಾಕಿಸಿ ನೋಡಿದರು. ಅವ್ವ ನಾಚಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಇದಕ್ಕ್ಯಾಕ ಇಷ್ಟ ದೂರ ಬಂದ್ರಿ?" ಎಂದಳು.

ಮೊದಲ ವರ್ಷ ಶಿರಹಟ್ಟಿ ಬದಿಯ ಒಂದು ದಿಣ್ಣೆಯ ಮೇಲೆ ಏಣಿಯಂಥ ಕಂಬವಿತ್ತು, ಹತ್ತಿ ಇಳಿಯಬಹುದಾದದ್ದು. ಬಾಣ ಕೂಡಿಸುವಾಗ ಅದರ ಗುರುತನ್ನು ಸರಿಯಾಗಿ ಉತ್ತರಕ್ಕೆ ಹೊಂದಿಸಬೇಕು. ನಾನು ಕಂಬ ಹತ್ತಿ, ದಿಕ್ಸೂಚಿಯನ್ನು ಎದೆಗೆ ಹಿಡಿದುಕೊಂಡು, ಬಹಳ ಶ್ರದ್ಧೆಯಿಂದ ಹೊಂದಿಸಿ ಇಳಿದೆ. ಕೆಲವು ದಿನಗಳ ನಂತರ ಅಂಕಿಗಳನ್ನು ನೋಡಿದ ಸಾಹೇಬರು ನನ್ನನ್ನು ಕರೆದರು. ಮಾಘದಲ್ಲಿ ಮೂಡಣದಿಂದ ಬರಬೇಕಾದ ಗಾಳಿ ನಮ್ಮ ಕಂಬದ ಲೆಕ್ಕದಲ್ಲಿ ದಕ್ಷಿಣದ ಕಡೆ ಸರಿದಿತ್ತು.

"ಹತ್ತುವಾಗ ಜೇಬಿನಲ್ಲಿ ಏನಿತ್ತು?" ಎಂದು ಕೇಳಿದರು.

ಜೇಬಿನಲ್ಲಿ ಪಾನಾ ಇತ್ತು, ಬೋಲ್ಟು ಬಿಗಿಯುವ ಉಕ್ಕಿನ ದೊಡ್ಡ ಪಾನಾ. ಎದೆಯ ಮೇಲೆ ದಿಕ್ಸೂಚಿ, ಅದರ ಹಿಂದೆಯೇ ಪಾನಾ. ಮುಳ್ಳು ಉತ್ತರ ಬಿಟ್ಟು ನನ್ನ ಜೇಬು ನೋಡುತ್ತಿತ್ತು. ನಾನು ತಲೆ ತಗ್ಗಿಸಿದೆ. ಅವರು ಬಯ್ಯಲಿಲ್ಲ, ನಕ್ಕರು. ಹಡಗು ಎಂದರೇ ಕಬ್ಬಿಣ, ದಿಕ್ಸೂಚಿ ಪ್ರತಿ ಹಡಗಿನಲ್ಲೂ ಸುಳ್ಳು ಹೇಳುತ್ತದೆ, ಎಷ್ಟು ಹೇಳುತ್ತದೆ ಎಂದು ಮೊದಲೇ ಕಂಡುಹಿಡಿದು ಅಷ್ಟನ್ನು ಕಳೆಯುವುದೇ ನಾವಿಕನ ಕೆಲಸ ಎಂದರು. ಆಮೇಲೆ ಮಧ್ಯಾಹ್ನ ಕಂಬದ ನೆರಳು ಗಿಡ್ಡಗಾಗುತ್ತ ಬಂದಂತೆ ತುದಿಗೊಂದು ಕಲ್ಲು ಇಡಿಸಿದರು. ಸೂರ್ಯ ದಕ್ಷಿಣಕ್ಕಿರುವ ಆ ದಿನಗಳಲ್ಲಿ ಎಲ್ಲಕ್ಕಿಂತ ಗಿಡ್ಡ ನೆರಳು ಯಾವ ಕಡೆ ಬಿತ್ತೋ ಅದೇ ಉತ್ತರ. ಬ್ಯಾಟರಿ ಬೇಡ, ಮುಳ್ಳು ಬೇಡ. ನಿಮ್ಮ ಫೋನಿನಲ್ಲೂ ದಿಕ್ಸೂಚಿ ಇದೆಯಲ್ಲ, ಅದನ್ನು ಕಂಬಕ್ಕೆ ತಾಗಿಸಿ ಹಿಡಿಯಬೇಡಿ ಎಂದು ಹೇಳಲೆಂದೇ ಇದನ್ನು ಬರೆದೆ.

ಅದೇ ಕಂಬದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಮಹಾನವಮಿ ಕಳೆದ ಮೇಲೆ ಅಂಕಿ ತೆಗೆದು ನೋಡಿದರೆ ಗಾಳಿ ಹಗಲೂ ರಾತ್ರಿ ಒಂದೇ ದಿಕ್ಕಿನಿಂದ ಬರುತ್ತಿದೆ, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ಬಟ್ಟಲುಗಳಂತೂ ತಿರುಗೇ ಇಲ್ಲ. ಗಾಬರಿಯಾಗಿ ಇಬ್ಬರೂ ಓಡಿದೆವು. ಕಾವಲುಗಾರ ಶೇಖಪ್ಪ, ಹರ್ತಿಯವನು, ಖುಷಿಯಿಂದ ಎದುರಾದ. ತಲೆ ಎತ್ತಿ ನೋಡಿದರೆ ತುದಿಯಲ್ಲಿ ಚೆಂಡು ಹೂವಿನ ದೊಡ್ಡ ಮಾಲೆ. ಖಂಡೆಪೂಜೆಯ ದಿನ ಟ್ರ್ಯಾಕ್ಟರಿಗೆ, ಸೈಕಲ್ಲಿಗೆ ಪೂಜೆ ಮಾಡಿದಂತೆ ಅವನು ಕಂಬ ಹತ್ತಿ ನಮ್ಮ ಉಪಕರಣಕ್ಕೂ ಮಾಲೆ ಹಾಕಿ, ಗಾಳಿಗೆ ಹಾರಿ ಹೋಗದಿರಲೆಂದು ಬಾಣವನ್ನೂ ಬಟ್ಟಲುಗಳನ್ನೂ ಸೇರಿಸಿ ನೂಲಿನಿಂದ ಸುತ್ತಿಬಿಟ್ಟಿದ್ದ.

"ದುಡಿಯೋ ಸಾಮಾನ್ರಿ ಅದು. ವರ್ಷಕ್ಕೊಂದ್ ದಿನ ಪೂಜಿ ಮಾಡ್ಲಿಲ್ಲಂದ್ರ ಹ್ಯಾಂಗ್ರಿ ಕ್ಯಾಪ್ಟನ್ ಸಾಹೇಬ್ರ?" ಎಂದ ಶೇಖಪ್ಪ.

ಸಾಹೇಬರು ತಲೆ ಎತ್ತಿ ಮಾಲೆ ನೋಡಿದರು. ಆಮೇಲೆ, "ಪೂಜೆ ಒಳ್ಳೆಯದಾಗಿದೆ. ಮುಂದಿನ ವರ್ಷ ಬುಡಕ್ಕೆ ಮಾಡು" ಎಂದರು. ಪುಣೆಯಲ್ಲಿದ್ದ ಮೇಲಧಿಕಾರಿ ಮಾತ್ರ ಹಾಗಲ್ಲ. ವರ್ಷದ ನಡುವೆ ಅಂಕಿ ತಪ್ಪಿದರೆ ಆ ವರ್ಷಕ್ಕೆ ಬೆಲೆ ಇಲ್ಲ, ಮೊದಲಿನಿಂದ ಶುರುಮಾಡಬೇಕು ಎಂದು ಫೋನಿನಲ್ಲಿ ಕೂಗಾಡಿದ. ಕೂಗಿದರೂ ಅವನ ಮಾತಿನಲ್ಲಿ ಅರ್ಥವಿತ್ತು. ಶ್ರಾವಣದ ಗಾಳಿಯಿಂದ ಚೈತ್ರದ ಗಾಳಿಯನ್ನು ಊಹಿಸಲು ಬರುವುದಿಲ್ಲ.

ಅದಾದ ಮೇಲೆ ಕಪ್ಪತಗುಡ್ಡದ ಸಾಲಿನ ಒಂದು ಬೋಳು ನೆತ್ತಿಯನ್ನು ಹೊಸದಾಗಿ ಆರಿಸಿಕೊಂಡೆವು. ಅಲ್ಲಿಯ ಗಾಳಿ ಒಂದು ವರ್ಷ ಪೂರ್ತಿ, ನಡುವೆ ತಪ್ಪದಂತೆ ಸಿಕ್ಕರೆ ಕಂಪನಿ ಗದಗದಲ್ಲೇ ಕಚೇರಿ ತೆರೆದು ಸಾಹೇಬರನ್ನು ಇಲ್ಲಿಯೇ ಇರಿಸುವುದೆಂದು ಮಾತಾಯಿತು. ತಪ್ಪಿದರೆ ಅವರು ಕಛ್ ಕಡೆಯ ಹೊಸ ಕೆಲಸಕ್ಕೆ ಹೋಗಬೇಕು. ಈ ಮಾತಿನ ಬಲದ ಮೇಲೆ ಅವರು ದೀಪಾವಳಿಗೆ ಕಾರವಾರದಿಂದ ಹೆಂಡತಿಯನ್ನು ಕರೆತಂದು ಗದಗದಲ್ಲಿ ಮನೆ ಮಾಡಿದರು.

ನಾವು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆದೆವು. ಸಣ್ಣ ದೇಹ, ದೊಡ್ಡ ದನಿ. ಮದುವೆಯಾದಾಗಿನಿಂದ ಗಂಡ ಹಡಗಿನಲ್ಲಿ, ಇವರು ಹಾಸಿಗೆ ಹಿಡಿದ ಅತ್ತೆಯ ಸೇವೆಯಲ್ಲಿ. ಗಂಡ ರಜೆಗೆ ಬಂದು ಮನೆಯ ವಾಸನೆಗೆ ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಹೊರಡುವ ದಿನ. ಅತ್ತೆ ಹೋದರು, ಮಗಳು ಮದುವೆಯಾಗಿ ಹೋದಳು. ಆಮೇಲೂ ಸಾಹೇಬರು ಗುಡ್ಡ ಗುಡ್ಡ ಅಲೆದರೇ ಹೊರತು ಮನೆಯಲ್ಲಿ ನಿಲ್ಲಲಿಲ್ಲ. ಗದಗಕ್ಕೆ ಬಂದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜಾಳ ಹತ್ತಿರ ರೊಟ್ಟಿ ಬಡಿಯಲು ಕಲಿಯುತ್ತ, ವೈನಿ ಒಂದು ಮಾತು ಹೇಳಿದರಂತೆ. "ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯ ತನಕ, ನಡುವೆ ಒಂದು ದಿನವೂ ಬಿಡದೆ, ಇವರ ಜೊತೆ ಒಂದೇ ಸೂರಿನಡಿ ಇರಬೇಕು ಗಿರಿಜಾ. ಇಷ್ಟು ವರ್ಷದಲ್ಲಿ ಅದೊಂದು ಆಗಲೇ ಇಲ್ಲ."

ನಮ್ಮ ಕಂಬ ಎದ್ದದ್ದೂ ದೀಪಾವಳಿಯ ಮರುವಾರ. ಕಾರ್ತಿಕದ ಬೆಳಗಿನಲ್ಲಿ ಗಾಳಿ ಸತ್ತಂತಿರುತ್ತದೆ, ಕಂಬ ಎಬ್ಬಿಸಲು ಅದೇ ಹದ. ಈ ಕಂಬ ಹತ್ತುವಂಥದ್ದಲ್ಲ, ಉದ್ದನೆಯ ಕೊಳವೆ. ನೆಲದ ಮೇಲೆ ಮಲಗಿಸಿ ಎಲ್ಲ ಜೋಡಿಸಿಕೊಂಡು, ವಿಂಚ್ ಎಂಬ ಕೈಯಂತ್ರದಿಂದ ಹಗ್ಗ ಸುತ್ತುತ್ತ ನಿಧಾನವಾಗಿ ನಿಲ್ಲಿಸಬೇಕು. ನಿಂತ ಮೇಲೆ ನಾಲ್ಕೂ ಕಡೆಯಿಂದ ಉಕ್ಕಿನ ತಂತಿ ಎಳೆದು, ಬುಡದ ತಿರುಪು ಬಿಗಿದು ಹಿಡಿಸಬೇಕು. ಗಿರಿಜಾ ಹೇಳಿದ ಮಾತು ಗೊತ್ತಾದ ಮೇಲೆ ನನಗೆ ಆ ಕಂಬ ಬರೀ ಕಂಬವಾಗಿ ಉಳಿಯಲಿಲ್ಲ. ಪ್ರತಿ ವಾರ ಹೋಗಿ ತಿರುಪು ಮುಟ್ಟಿ ನೋಡಿ ಬರುತ್ತಿದ್ದೆ. ಹಗಲು ಕಾವಲಿಗೆ ಶೇಖಪ್ಪನನ್ನೇ ಇಲ್ಲಿಗೂ ಕರೆತಂದಿದ್ದೆವು.

ಆ ವರ್ಷದಷ್ಟು ನಕ್ಕ ವರ್ಷ ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ. ವೈನಿಗೆ ಗದಗದ ಮೀನು ಕಂಡರೆ ಕಣ್ಣೀರು. "ಇದು ಬರ್ಫದಲ್ಲಿ ಕೂತು ಕೂತು ನನಗಿಂತ ಮುದುಕಿಯಾಗಿದೆ" ಎನ್ನುತ್ತಿದ್ದರು. ನಳದ ನೀರಿಗೆ ದಿನಗಟ್ಟಲೆ ಕಾಯುವುದನ್ನು ಕಂಡು ಮೊದಮೊದಲು ಕಂಗಾಲಾದರು. ಆಮೇಲೆ ಅದಕ್ಕೊಂದು ಹೆಸರಿಟ್ಟರು. ನೀರು ಬಂದ ಕೂಡಲೇ ಓಣಿಗೆಲ್ಲ ಕೇಳುವಂತೆ, "ಭರತ ಬಂತು, ಭರತ ಬಂತು!" ಎಂದು ಕೂಗುವರು. ಸಮುದ್ರ ಏರುವುದಕ್ಕೆ ಕಾರವಾರದಲ್ಲಿ ಭರತ ಎನ್ನುತ್ತಾರೆ. ಚಂದ್ರನನ್ನು ನೋಡಿದರೆ ಅಲ್ಲಿ ಭರತ ಯಾವಾಗ, ಇಳಿತ ಯಾವಾಗ ಎಂದು ಹೇಳಬಹುದು, ಇಲ್ಲಿ ಹೇಳಲು ನೀರು ಬಿಡುವವನ ಹೆಂಡತಿಯನ್ನೇ ಕೇಳಬೇಕು ಎಂದು ಸಾಹೇಬರು ನಗುತ್ತಿದ್ದರು. ಕೆಲವು ತಿಂಗಳಲ್ಲಿ ಓಣಿಯ ಹೆಂಗಸರೆಲ್ಲ ಭರತ ಎನ್ನಲು ಕಲಿತಿದ್ದರು.

ಕಂಬದ ಹತ್ತಿರ ಬುತ್ತಿ ಬಿಚ್ಚಿಕೊಂಡು ಕುಳಿತಾಗ ಸಾಹೇಬರು ಹಳೆಯ ಹಾಯಿ ಹಡಗುಗಳ ಮಾತು ತೆಗೆಯುವರು. ಅರಬರ ಕಡೆಯಿಂದ ನಮ್ಮ ಕರಾವಳಿಗೆ ಬರುವ ವ್ಯಾಪಾರಿಗಳು ಗಾಳಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರಂತೆ. ನೈರುತ್ಯದ ಗಾಳಿ ಹಿಡಿದು ಇತ್ತ ಬರುವುದು, ಅದು ತಿರುಗಿ ಈಶಾನ್ಯದಿಂದ ಬೀಸತೊಡಗಿದರೆ ಅದನ್ನು ಹಿಡಿದು ಮನೆಗೆ ಹೋಗುವುದು. ಆಷಾಢದಲ್ಲಿ ಮಾತ್ರ ಯಾರೂ ಸಮುದ್ರಕ್ಕೆ ಇಳಿಯುತ್ತಿರಲಿಲ್ಲ. ಅದೇ ಗಾಳಿ ಘಟ್ಟ ಹತ್ತಿ, ಮಳೆಯನ್ನೆಲ್ಲ ಅಲ್ಲಿಯೇ ಸುರಿದು, ಬರಿಗೈಯಲ್ಲಿ ನಮ್ಮ ಗದಗಕ್ಕೆ ಬರುತ್ತದೆ. ಮೊದಲ ಮುಂಗಾರು ಗಾಳಿ ಬೀಸಿದ ದಿನ ಸಾಹೇಬರು ಪಡುವಣಕ್ಕೆ ಮುಖ ಮಾಡಿ ಬಹಳ ಹೊತ್ತು ನಿಂತರು. "ನಮ್ಮ ಊರಿನದೇ ಗಾಳಿ ಇದು ಮಲ್ಲಪ್ಪ. ಉಪ್ಪನ್ನು ದಾರಿಯಲ್ಲಿ ಬಿಟ್ಟು ಬಂದಿದೆ" ಎಂದರು. ನನಗೂ ಹಾಗೆ ನಿಲ್ಲಲು ಹೇಳಿದರು. ಎರಡೂ ಕಿವಿಗೆ ಸಮನಾಗಿ ಸದ್ದು ಬಂದರೆ ನಿನ್ನ ಮೂಗಿನ ನೇರಕ್ಕೆ ಗಾಳಿ ಇದೆ ಎಂದು ತಿಳಿ, ಆಮೇಲೆ ಉಪಕರಣ ನೋಡು ಎಂದರು. ಇವತ್ತಿಗೂ ಮನೆಯ ಮಾಳಿಗೆಯ ಮೇಲೆ ಹಾಗೆ ನಿಲ್ಲುತ್ತೇನೆ. ಗಿರಿಜಾ ಕೆಳಗಿನಿಂದ, "ಗಾಳಿ ಬಡೀತೇನ್ರಿ ನಿಮಗ?" ಎಂದು ಕೇಳುತ್ತಾಳೆ.

ವರ್ಷದ ಗಾಳಿಯ ಜೀವವೆಲ್ಲ ಆಷಾಢದಲ್ಲಿ. ಆ ತಿಂಗಳು ದಾಟಿದರೆ ಉಳಿದದ್ದು ಹೇಗೋ ಸಾಗುತ್ತದೆ ಎಂದು ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಆಷಾಢ ಹಿಡಿದು ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ನಾನೂ ಸಾಹೇಬರೂ ಬೈಕಿನಲ್ಲಿ ಗುಡ್ಡಕ್ಕೆ ಹೋದೆವು. ಕೆಳಗಿನ ತಿರುವಿನಲ್ಲೇ ಸಾಹೇಬರು ನನ್ನ ಹೆಗಲು ಹಿಡಿದು ಬೈಕು ನಿಲ್ಲಿಸಿದರು. ಕಂಬದ ತುದಿ ಮೂಡಣಕ್ಕೆ ವಾಲಿತ್ತು. ಗಾಳಿ ಬಂದಾಗೊಮ್ಮೆ ಬಾಗಿ, ಬಿಟ್ಟಾಗೊಮ್ಮೆ ಏಳುತ್ತಿತ್ತು.

ಮೇಲೆ ಹೋಗಿ ನೋಡಿದರೆ ಕುರಿಗಾರರು ಡೇರೆ ಹಾಕಿದ್ದಾರೆ. ಡೇರೆ ಹಾಕಿದ್ದು ಕಂಬದ ಮೂಡಣಕ್ಕೆ, ಅಂದರೆ ಬಿದ್ದರೆ ನೇರ ಅದರ ಮೇಲೆ. ಪಡುವಣದ ತಂತಿಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿದೆ, ಜೋಳಿಗೆಯಲ್ಲಿ ಒಂದು ಕೂಸು. ಆ ಗಾಳಿಗೆ ನಮ್ಮ ಮಾತು ನಮಗೆ ಕೇಳಿಸದು, ಕೂಸು ಗಾಢ ನಿದ್ದೆಯಲ್ಲಿತ್ತು.

"ಕೂಸು ತೆಗಿರಿ! ಜಲ್ದಿ ತೆಗಿರಿ!" ಎಂದು ನಾನು ಓಡಿದೆ. ಕುರಿಗಾರ ಬೀರಪ್ಪ ಗಾಬರಿಯಾಗಿ ಎತ್ತಿಕೊಂಡ. ಎತ್ತಿದ ಕೂಡಲೇ ಕೂಸು ಅಳತೊಡಗಿತು.

"ಎಬ್ಬಿಸಿಬಿಟ್ರಲ್ರಿ" ಎಂದ ಬೀರಪ್ಪ. "ಆ ತಂತಿ ಗುಂಯ್ ಅಂತೈತ್ರಿ, ಅದನ್ನ ಕೇಳಿದ್ರ ಸಾಕು ಮಕ್ಕೊಂತೈತಿ. ಜೋಳಗಿ ಎತ್ತರ ಆಗಿತ್ತು, ನಮ್ಮಾಕಿಗೆ ಕೈ ಸಿಗವಲ್ದಾಗಿತ್ತು. ಅದಕ್ಕ ಕೆಳಗಿನ ತಿರುಪ ಒಂದೀಟು ಸಡ್ಲ ಮಾಡೀನ್ರಿ."

ಅವನು ಒಂದಿಷ್ಟೇ ಸಡಿಲಿಸಿದ್ದು ನಿಜ. ಉಳಿದದ್ದನ್ನು ಗಾಳಿ ಬಿಚ್ಚಿತ್ತು. ತಂತಿ ನಡುಗಿ ನಡುಗಿ ತಿರುಪು ತಾನಾಗಿ ತಿರುಗಿ, ಹಲ್ಲುಗಳೆಲ್ಲ ಸವೆದುಹೋಗಿ, ತುದಿಯಲ್ಲಿ ಸ್ವಲ್ಪ ಕಚ್ಚಿಕೊಂಡಿತ್ತು. ಬೀರಪ್ಪನ ಮೇಲೆ ಸಿಟ್ಟು ಮಾಡಬೇಕೆಂದುಕೊಂಡೆ, ಆಗಲಿಲ್ಲ. ನಾನಾದರೂ ಕೂಸು ಮಲಗುತ್ತದೆ ಎಂದರೆ ಇನ್ನೇನು ಮಾಡುತ್ತಿದ್ದೆ?

ವಿಂಚಿನ ಹಗ್ಗವನ್ನು ಬುಡದಲ್ಲಿ ಅಡ್ಡ ಚಾಚಿದ ತೋಳಿಗೆ ಹಾಕಿ ಕಂಬವನ್ನು ತಾತ್ಕಾಲಿಕವಾಗಿ ಹಿಡಿದೆವು. ಹೊಸ ತಿರುಪು ಗದಗದ ಗೋದಾಮಿನಲ್ಲಿತ್ತು. ನಾನು ಬೈಕಿನ ಕಡೆ ಓಡಿದೆ.

"ನಾ ಹೋಗಿ ತಿರುಪ ತರತೀನ್ರಿ ಸಾಹೇಬ್ರ. ಅಲ್ಲೀತನಕ ಈ ಹಗ್ಗ ತಡೀತೈತಿ."

ಸಾಹೇಬರು ಹಗ್ಗ ನೋಡಿದರು, ಆಕಾಶ ನೋಡಿದರು, ಆಮೇಲೆ ಡೇರೆ ನೋಡಿದರು. ಡೇರೆಯಲ್ಲಿ ಬೀರಪ್ಪನ ಹೆಂಡತಿ ಮಾಳವ್ವ ಜ್ವರದಲ್ಲಿ ಮಲಗಿದ್ದಳು. ಹಸಿ ಬಾಣಂತಿ. ಅವಳನ್ನು ಎತ್ತಿ ಸರಿಸಬಹುದು, ಸರಿಸಿದೆವು ಕೂಡ, ಡೇರೆಯನ್ನೂ ಕಿತ್ತೆವು. ಆದರೆ ಹಗ್ಗ ಒಂದೇ. ಹಿಡಿದು ಕೂರಲು ವಿಂಚಿನ ಹತ್ತಿರ ಒಬ್ಬ ಬೇಕೇ ಬೇಕು. ಹಗಲು ಕಾವಲಿಗೆ ಆಗಷ್ಟೇ ಬಂದ ಶೇಖಪ್ಪ ಆಗಲೇ ಹೋಗಿ ಅಲ್ಲಿ ಕುಳಿತಿದ್ದ.

"ತಡೀತೈತ್ರಿ" ಎಂದೆ ಮತ್ತೆ. "ಇಳಿಸಿದ್ರ ಶ್ರಾವಣ ಮುಗಿಯೋತನಕ ಮತ್ತ ಎಬ್ಬಿಸಾಕ ಆಗಂಗಿಲ್ಲ. ವರ್ಷ ಹೋಗತೈತ್ರಿ. ವೈನಿಯಾರಿಗೆ ಏನ್ ಹೇಳ್ತೀರಿ?"

ಆ ಕೊನೆಯ ಮಾತು ನಾನು ಆಡಬಾರದಿತ್ತೋ ಏನೋ, ಬಾಯಿಂದ ಬಂದುಬಿಟ್ಟಿತು. ಸಾಹೇಬರು ನನ್ನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ನೀರಿತ್ತು, ಗಾಳಿಯಿಂದ ಬಂದದ್ದೋ ಅಲ್ಲವೋ ನಾನು ಕೇಳಲಿಲ್ಲ.

"ಬಿಗಿದ ಹಗ್ಗ ಕಡಿದರೆ ಏನು ಮಾಡುತ್ತದೆ ಎಂದು ನಾನು ಹಡಗಿನಲ್ಲಿ ನೋಡಿದ್ದೇನೆ ಮಲ್ಲಪ್ಪ. ತಡೆಯುತ್ತದೆ ಎನ್ನುತ್ತೀಯಲ್ಲ, ಯಾರ ಮೈಮೇಲೆ ತಡೆಯಬೇಕು? ಇವನ ಮೈಮೇಲೆಯೋ?" ಎಂದು ಶೇಖಪ್ಪನನ್ನು ತೋರಿಸಿದರು. "ಇಳಿಸು."

ಇಳಿಸಿದೆವು. ಶೇಖಪ್ಪನನ್ನು ಎಬ್ಬಿಸಿ ಸಾಹೇಬರೇ ವಿಂಚಿಗೆ ಕುಳಿತರು, ನನ್ನನ್ನು ದೂರ ನಿಲ್ಲಿಸಿದರು. ಗೇಣುಗೇಣಾಗಿ ಹಗ್ಗ ಬಿಟ್ಟರು. ಕಂಬ ಗಾಳಿಯ ಜೊತೆ ಮೂಡಣಕ್ಕೆ ಬಾಗುತ್ತ ಬಾಗುತ್ತ ಹುಲ್ಲಿನ ಮೇಲೆ ಮಲಗಿತು. ಬಟ್ಟಲುಗಳು ಹುಲ್ಲು ತಾಗುವವರೆಗೂ ತಿರುಗುತ್ತಲೇ ಇದ್ದವು. ಅವು ನಿಂತಾಗ ನಾನು ಅತ್ತೆ. ಅಷ್ಟು ವಯಸ್ಸಾದ ಗಂಡಸು ಕುರಿಗಳ ಮುಂದೆ ಅತ್ತೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಬೀರಪ್ಪನಿಗೆ ಏನೋ ಕೆಟ್ಟದ್ದಾಗಿದೆ ಎಂದಷ್ಟೇ ತಿಳಿಯಿತು. ಕೂಸನ್ನು ತಂದು ಸಾಹೇಬರ ಕೈಗೆ ಕೊಟ್ಟ. "ಸಿಟ್ಟಾಗಬ್ಯಾಡ್ರಿ ಯಪ್ಪಾ. ಗೊತ್ತಿರಲಿಲ್ರಿ" ಎಂದ. ಸಾಹೇಬರು ಕೂಸನ್ನು ಎದೆಗೆ ಒತ್ತಿಕೊಂಡು, ಮೂಗಿನಿಂದ ಗುಂಯ್ ಎಂದು ತಂತಿಯ ಸದ್ದು ಮಾಡುತ್ತ ಹಿಂದೆ ಮುಂದೆ ನಡೆದರು. ಕೂಸು ಸುಮ್ಮನಾಯಿತು. ತಮ್ಮ ಮಗಳು ಅಷ್ಟು ಸಣ್ಣವಳಿದ್ದಾಗ ತಾವು ಎಲ್ಲೋ ನಡು ಸಮುದ್ರದಲ್ಲಿದ್ದರೆಂದೂ, ಅವಳು ನಡೆಯತೊಡಗಿದ ಮೇಲೆಯೇ ಮೊದಲ ಸಲ ನೋಡಿದ್ದೆಂದೂ ಇಳಿಯುವಾಗ ಹೇಳಿದರು.

ಪುಣೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಂಬ ಬೀಳಲಿಲ್ಲ, ನಾನೇ ಇಳಿಸಿದೆ ಎಂದರು. ಮೇಲಧಿಕಾರಿ ಈ ಸಲ ಕೂಗಲಿಲ್ಲ. ಕೂಗದೇ ಇದ್ದದ್ದರಿಂದಲೇ ಉತ್ತರ ಏನೆಂದು ನಮಗೆ ತಿಳಿಯಿತು. ಗದಗದ ಕಚೇರಿಯ ಮಾತು ಅಲ್ಲಿಗೆ ಬಿಟ್ಟುಹೋಯಿತು. ಶ್ರಾವಣ ಹುಟ್ಟುವುದರೊಳಗೆ ಕಛ್‌ಗೆ ಹೊರಡಬೇಕು.

ಮನೆಗೆ ಹೋಗಿ ಹೇಳುವಾಗ ನೀನೂ ಇರು ಎಂದು ನನ್ನನ್ನು ಕರೆದುಕೊಂಡು ಹೋದರು. ಬಿರುಗಾಳಿಯಲ್ಲಿ ಹಡಗು ನಡೆಸಿದ ಮನುಷ್ಯನಿಗೆ ಆ ಹೊಸ್ತಿಲು ಒಬ್ಬರೇ ದಾಟಲು ಧೈರ್ಯವಿರಲಿಲ್ಲ. ವೈನಿ ರೊಟ್ಟಿ ಬಡಿಯುತ್ತಿದ್ದರು. ಸಾಹೇಬರು ಬಾಗಿಲಲ್ಲೇ ನಿಂತು, ತಂತಿಯಿಂದ ಹಿಡಿದು ಕಛ್‌ವರೆಗೂ ಎಲ್ಲವನ್ನೂ ಹೇಳಿ ಮುಗಿಸಿದರು. ವೈನಿ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದರು. ಅದು ಸುಡುವವರೆಗೂ ಅದನ್ನೇ ನೋಡುತ್ತ ಕುಳಿತರು.

"ಕೂಸಿಗೆ ಏನೂ ಆಗಲಿಲ್ಲವಲ್ಲ?" ಎಂದರು ಕೊನೆಗೆ.

"ಇಲ್ಲ. ಮಲಗಿತು."

"ಅಲ್ಲಿ ಮನೆ ಎಷ್ಟು ಕೋಣೆಯದು?"

"ಮನೆ ಎಲ್ಲಿಂದ ಬರಬೇಕು? ಮರಳುಗಾಡು ಅದು. ಮೊದಲು ಸ್ವಲ್ಪ ದಿನ ಡೇರೆ. ನಾನೊಬ್ಬನೇ ಹೋಗಿ..."

"ನೀವೊಬ್ಬರೇ ಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ" ಎಂದು ವೈನಿ ಎದ್ದು ನಿಂತರು. ಅವರ ದೊಡ್ಡ ದನಿ ಆಗ ಇನ್ನೂ ದೊಡ್ಡದಾಯಿತು. "ಆ ಕುರಿಗಾರರ ಹೆಂಗಸು ಬಾಣಂತನವನ್ನೇ ಡೇರೆಯಲ್ಲಿ ಮಾಡಿಕೊಂಡಳಂತೆ, ನನಗೇನು ಧಾಡಿ? ನಿಮ್ಮ ಕಂಬದ ವರ್ಷ ಮುರಿದರೆ ಮುರಿಯಲಿ. ನನ್ನ ವರ್ಷ ದೀಪಾವಳಿಗೆ ಪೂರ್ತಿಯಾಗಬೇಕು. ಸೂರು ಬಟ್ಟೆಯದಾದರೂ ಸರಿ." ಆಮೇಲೆ ನನ್ನ ಕಡೆ ತಿರುಗಿ, "ಮಲ್ಲಪ್ಪ, ಗಿರಿಜಾಳಿಗೆ ಹೇಳು, ಅವಳು ಕೊಟ್ಟ ರೊಟ್ಟಿ ಹಂಚು ನಾನು ಒಯ್ಯುತ್ತೇನೆ" ಎಂದರು.

ಸಾಹೇಬರು ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ನಾನು ಹೇಳದೆ ಹೊರಗೆ ಬಂದೆ.

ಹೊರಡುವ ದಿನ ನಾನೂ ಗಿರಿಜಾಳೂ ಸ್ಟೇಶನ್ನಿಗೆ ಹೋದೆವು. ಮುಂಬಯಿಯವರೆಗೆ ಒಂದು ಗಾಡಿ, ಅಲ್ಲಿಂದ ಇನ್ನೊಂದು. ಗಿರಿಜಾ ಬಹಳ ದಿನ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಶೇಖಪ್ಪ ಹರ್ತಿಯಿಂದ ಮಾಲೆ ತಂದಿದ್ದ, ಈ ಸಲ ಸಾಹೇಬರ ಕೊರಳಿಗೇ ಹಾಕಿದ. ನಾನು ಅವರ ಕಾಲು ಮುಟ್ಟಿದೆ. "ಕಂಬ ಇಳಿಸಬೇಕಾಗಿ ಬಂದರೆ ವಿಂಚಿಗೆ ನೀನೇ ಕೂರು, ಬೇರೆಯವರನ್ನು ಕೂರಿಸಬೇಡ" ಎಂದರು. ನನ್ನ ನೌಕರಿ ಮುಗಿಯುವವರೆಗೂ ನಾನೇ ಕುಳಿತೆ. ನೀವೂ ಹಾಗೇ ಮಾಡಿ.

ಗಾಡಿ ಸೀಟಿ ಹಾಕಿ ಹೊರಟಿತು. ಸಾಹೇಬರು ಬಾಗಿಲಿಗೆ ಬಂದು ನಿಂತರು. ಮದುವೆಯಾದಾಗಿನಿಂದ ಎಷ್ಟು ಸಲ ಹೊರಟರೋ ಅಷ್ಟು ಸಲವೂ ದಡದಲ್ಲಿ ನಿಂತ ಒಬ್ಬಳ ಕಡೆಗೆ ಕೈ ಎತ್ತಿದವರು. ಆ ದಿನವೂ ಕೈ ತಾನಾಗಿ ಮೇಲೆದ್ದಿತು. ಅವರ ಕಣ್ಣು ನನ್ನನ್ನು, ಗಿರಿಜಾಳನ್ನು, ಶೇಖಪ್ಪನನ್ನು ದಾಟಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹುಡುಕಿತು. ಇನ್ನೊಮ್ಮೆ ಹುಡುಕಿತು. ಮುಖ ಬಾಡಿತು.

ಆಗ ಹಿಂದಿನಿಂದ ವೈನಿ ಅವರ ಅಂಗಿ ಹಿಡಿದು ಎಳೆದರು. ಗಾಡಿಯ ಸದ್ದಿನಲ್ಲೂ ಆ ದನಿ ನಮಗೆಲ್ಲ ಕೇಳಿಸಿತು.

"ಅಲ್ಲಿ ಯಾರನ್ನು ಹುಡುಕುತ್ತೀರಿ? ನಾನು ಇಲ್ಲಿದ್ದೇನೆ. ಒಳಗೆ ಬನ್ನಿ."